ಮರಳಲ್ಲಿ ಕಾಲು ಜೋರಾಗಿ ಆಡಿಸಿದಷ್ಟೂ ರೋಬೋಟ್ ಯಾಕೆ ನಿಂತುಬಿಡತ್ತೆ?

ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಗೋಲ್ಡ್‌ಮನ್ ಅನ್ನೋ ಭೌತವಿಜ್ಞಾನಿ ಇದ್ದಾರೆ. ಅವರು, ಆಗ ಅವರ ವಿದ್ಯಾರ್ಥಿಯಾಗಿದ್ದ ಚೆನ್ ಲೀ, ಇನ್ನೂ ಕೆಲವರು ಸೇರ್ಕೊಂಡು 2009ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ರು. ಅದರಲ್ಲಿದ್ದ ರೋಬೋಟ್ ಹೆಸರು ಸ್ಯಾಂಡ್‌ಬಾಟ್. ಆರು ಕಾಲು, ಉದ್ದ ಸುಮಾರು 30 ಸೆಂಟಿಮೀಟರ್, ತೂಕ 2.3 ಕೆಜಿ, ಅಂದ್ರೆ ಒಂದು ಕೈಯಲ್ಲಿ ಎತ್ಕೊಂಡು ಹೋಗಬಹುದಾದಂಥದ್ದು. ಗಟ್ಟಿ ನೆಲದ ಮೇಲೆ ಅದು ಸೆಕೆಂಡಿಗೆ ಸುಮಾರು 60 ಸೆಂಟಿಮೀಟರ್ ಓಡ್ತಿತ್ತು. ಅದನ್ನೇ ಸಣ್ಣ ಕಾಳು ತುಂಬಿದ ತೊಟ್ಟಿ ಮೇಲೆ ಬಿಟ್ಟು, ಗಟ್ಟಿ ನೆಲದಲ್ಲಿ ಹೇಗೆ ಕಾಲಾಡಿಸ್ತಿತ್ತೋ ಹಾಗೇ ಆಡಿಸೋಕೆ ಹೇಳಿದ್ರೆ ವೇಗ ಎಷ್ಟಕ್ಕಿಳೀತು ಗೊತ್ತಾ, ಸೆಕೆಂಡಿಗೆ ಹೆಚ್ಚುಕಮ್ಮಿ 1 ಸೆಂಟಿಮೀಟರ್. ಆರೂ ಕಾಲು ಗರಗರ ತಿರುಗ್ತಿವೆ, ಕಾಳು ಎರಚಾಡ್ತಿದೆ, ರೋಬೋಟ್ ಮಾತ್ರ ಇದ್ದಲ್ಲೇ ಇದೆ. ಆಮೇಲೆ ಅವರು ಕಾಲು ತಿರುಗೋ ಟೈಮಿಂಗ್ ಒಂದನ್ನೇ ಬದಲಾಯಿಸಿದ್ರು. ಮೋಟಾರ್ ಅದೇ, ಕಾಲು ಅದೇ, ತೊಟ್ಟಿ ಅದೇ. ವೇಗ ಸೆಕೆಂಡಿಗೆ ಸುಮಾರು 30 ಸೆಂಟಿಮೀಟರಿಗೆ ಏರ್ತು!

ಮರಳಲ್ಲಿ ಸಿಕ್ಕಿಹಾಕ್ಕೊಂಡ ಯಾವ ಗಾಡಿ ನೋಡಿದ್ರೂ ಮೊದಲು ಬರೋ ಯೋಚನೆ ಪವರ್ ಸಾಕಾಗ್ಲಿಲ್ಲ ಅನ್ನೋದು. ಈ ಪ್ರಯೋಗ ಅದನ್ನ ಅಲ್ಲಗಳೆಯತ್ತೆ, ಅದಕ್ಕೇ ನನಗೆ ಇದು ಅಷ್ಟು ಇಷ್ಟ. ಮರಳಲ್ಲಿ ನಡೆಯೋದಕ್ಕೆ ಶಕ್ತಿಗಿಂತ ಹೆಚ್ಚಾಗಿ ಬೇಕಿರೋದು ಕಾಲಡಿಯ ಮರಳು ಯಾವ ಕ್ಷಣದಲ್ಲಿ ಗಟ್ಟಿಯಾಗಿರತ್ತೆ, ಯಾವ ಕ್ಷಣದಲ್ಲಿ ಹರಿಯೋಕೆ ಶುರು ಮಾಡತ್ತೆ ಅನ್ನೋ ಅಂದಾಜು. ಸಿಮೆಂಟ್ ನೆಲ ನಾವು ತುಳಿದ್ರೂ ತುಳೀದಿದ್ರೂ ಹಾಗೇ ಇರತ್ತೆ. ಮರಳು, ಕೆಸರು, ಹಿಮ ಹಾಗಲ್ಲ, ಪ್ರತಿ ಹೆಜ್ಜೆಗೂ ಅವು ಬದಲಾಗ್ತವೆ, ಮುಂದಿನ ಹೆಜ್ಜೆ ಬೀಳೋದು ಹಾಗೆ ಬದಲಾದ ನೆಲದ ಮೇಲೆ. ರೋಬೋಟ್ ತನ್ನ ಕಾಲನ್ನ ಮಾತ್ರ ಕಂಟ್ರೋಲ್ ಮಾಡ್ತೀನಿ ಅಂತ ಹೊರಟ್ರೆ ಅರ್ಧ ಕೆಲಸ ಮಾತ್ರ ಮಾಡಿದ ಹಾಗೆ.

ಮೊದಲು ಮರಳು ಅಂದ್ರೆ ಏನು ಅಂತ ನೋಡೋಣ. ಅದು ಬಿಡಿ ಬಿಡಿ ಕಾಳುಗಳ ರಾಶಿ, ಒಣಗಿದ್ದಾಗ ಒಂದಕ್ಕೊಂದು ಅಂಟಿರಲ್ಲ, ಹಿಡಿದಿಡೋದು ಬರೀ ಘರ್ಷಣೆ ಮತ್ತು ಮೇಲಿನ ಕಾಳುಗಳ ಭಾರ. ಮೆತ್ತಗೆ ಒತ್ತಿದ್ರೆ ಕಾಳುಗಳು ಒಂದರ ಮೇಲೊಂದು ಭಾರ ದಾಟಿಸ್ತಾ ಗಟ್ಟಿ ವಸ್ತುವಿನ ತರ ತಡ್ಕೊಳ್ತವೆ. ಒಂದು ಮಿತಿ ದಾಟಿ ಒತ್ತಿದ್ರೆ ಜಾರೋಕೆ ಶುರು, ಆಗ ದ್ರವದ ತರ ಹರೀತವೆ. ತಳ್ಳೋದು ನಿಲ್ಲಿಸಿದ ತಕ್ಷಣ ಮತ್ತೆ ಗಟ್ಟಿ. ಈ ಮಿತಿ ಎಲ್ಲಿದೆ ಅನ್ನೋದನ್ನ ತೀರ್ಮಾನಿಸೋದು ಕಾಳುಗಳು ಎಷ್ಟು ಒತ್ತಾಗಿ ಕೂತಿವೆ ಅನ್ನೋದು. ಸೇರಿಗೆ ಅಕ್ಕಿ ಸುರಿದು ಒಂದೆರಡು ಸಲ ಕುಟ್ಟಿದ್ರೆ ಅಕ್ಕಿ ಕೆಳಗಿಳಿದು ಮೇಲೆ ಇನ್ನೊಂದು ಹಿಡಿ ಹಿಡಿಸತ್ತಲ್ಲ, ಅದೇ ಲೆಕ್ಕ. ಮಧ್ಯದ ಖಾಲಿನೂ ಸೇರಿದ ಒಟ್ಟು ಜಾಗದಲ್ಲಿ ಕಾಳು ಎಷ್ಟು ಪಾಲು ಅನ್ನೋದಕ್ಕೆ ವಿಜ್ಞಾನಿಗಳು ಒಂದು ಸಂಖ್ಯೆ ಇಟ್ಕೊಂಡಿದ್ದಾರೆ. ಸಡಿಲವಾಗಿ ಸುರಿದಾಗ ಅದು 0.58ರ ಹತ್ತಿರ, ಚೆನ್ನಾಗಿ ಕುಟ್ಟಿ ಕೂರಿಸಿದ್ರೆ 0.63, 0.64. ನೋಡೋಕೆ ಎರಡೂ ಒಂದೇ ತರ ಕಾಣತ್ತೆ, ಕ್ಯಾಮರಾಗೂ ವ್ಯತ್ಯಾಸ ತಿಳಿಯಲ್ಲ. ಕಾಲಿಟ್ಟಾಗಲೇ ಗೊತ್ತಾಗೋದು.

ಒತ್ತಾಗಿ ಕೂತ ಮರಳಿಗೆ ಇನ್ನೊಂದು ಗುಣ ಇದೆ, ಆಸ್‌ಬೋರ್ನ್ ರೆನಾಲ್ಡ್ಸ್ 1885ರಲ್ಲೇ ಇದನ್ನ ಹೇಳಿದ್ರು. ಒತ್ತಾಗಿರೋ ಕಾಳುಗಳು ಜಾರಬೇಕಂದ್ರೆ ಪಕ್ಕದ ಕಾಳನ್ನ ಹತ್ತಿ ದಾಟಬೇಕು, ಹಾಗೆ ದಾಟೋಕೆ ಇಡೀ ರಾಶಿ ಸ್ವಲ್ಪ ಉಬ್ಬಲೇಬೇಕು, ಉಬ್ಬೋಕೆ ಮೇಲಿನ ಭಾರ ಎತ್ತಬೇಕು, ಅದಕ್ಕೇ ಅದು ಗಟ್ಟಿ. ಸಡಿಲ ಮರಳಲ್ಲಿ ಉಲ್ಟಾ, ತಳ್ಳಿದ್ರೆ ಕಾಳುಗಳು ಖಾಲಿ ಜಾಗಕ್ಕೆ ಕುಸಿದು ಇನ್ನಷ್ಟು ಕೂರ್ತವೆ. ಉಬ್ಬೋ ಮರಳು, ಕುಸಿಯೋ ಮರಳು, ಇವೆರಡರ ಗಡಿ ಸುಮಾರು 0.60. ಸ್ಯಾಂಡ್‌ಬಾಟ್ ಚೆನ್ನಾಗಿ ನಡೆಯೋದಕ್ಕೂ ಸಿಕ್ಕಿಬೀಳೋದಕ್ಕೂ ಇರೋ ಗಡಿನೂ ಅಲ್ಲೇ ಆಸುಪಾಸು ಸಿಕ್ತು.

ಇದನ್ನ ಪರೀಕ್ಷೆ ಮಾಡೋದು ಸುಲಭ ಅಲ್ಲ. ಪ್ರತಿ ಸಲ ರೋಬೋಟ್ ಓಡಿದ ಮೇಲೆ ಮರಳಿನ ಸ್ಥಿತಿ ಬದಲಾಗಿರತ್ತೆ, ಮುಂದಿನ ಸಲ ಅದೇ ಸ್ಥಿತಿ ಸಿಗದಿದ್ರೆ ಹೋಲಿಸೋದು ಹೇಗೆ? ಅದಕ್ಕೆ ಅವರು ತೊಟ್ಟಿಯ ತಳದಿಂದ ಗಾಳಿ ಊದೋ ವ್ಯವಸ್ಥೆ ಮಾಡಿದ್ರು. ಸಾಕಷ್ಟು ಗಾಳಿ ಬಿಟ್ರೆ ಕಾಳುಗಳೆಲ್ಲ ತೇಲಿ ಕುದಿಯೋ ತರ ಆಗ್ತವೆ, ಹಳೆ ಹೆಜ್ಜೆ, ಹಳೆ ಗುಂಡಿ ಎಲ್ಲ ಅಳಿಸಿಹೋಗತ್ತೆ. ಗಾಳಿ ನಿಲ್ಲಿಸಿದ್ರೆ ಸಡಿಲವಾಗಿ ಕೂರತ್ತೆ, ಆಮೇಲೆ ಚಿಕ್ಕ ಚಿಕ್ಕ ಗಾಳಿ ಹೊಡೆತ ಕೊಟ್ಟು ಬೇಕಾದಷ್ಟು ಒತ್ತಾಗಿಸಬಹುದು. ಇನ್ನು ಆ ತೊಟ್ಟಿಲಿದ್ದ ಕಾಳು ಯಾವುದು ಅಂದ್ರೆ ಗಸಗಸೆ! ಕಾಳು ಸುಮಾರು 1 ಮಿಲಿಮೀಟರ್, ಹಗುರ, ಊದಿದ್ರೆ ಚೆನ್ನಾಗಿ ಏಳತ್ತೆ, ಒತ್ತಿದಾಗ ಮರಳಿನ ತರಾನೇ ವರ್ತಿಸತ್ತೆ. ಮರಳುಗಾಡಿನ ಭೌತಶಾಸ್ತ್ರ ನಮಗೆ ಅಡುಗೆಮನೆ ಡಬ್ಬಿಯ ಕಾಳಿಂದ ಇಷ್ಟು ಚೊಕ್ಕವಾಗಿ ಗೊತ್ತಾಯ್ತು ಅನ್ನೋದು ಖುಷಿ ಕೊಡೋ ವಿಷಯ.

ಈಗ ಮುಖ್ಯ ಭಾಗ. ಸ್ಯಾಂಡ್‌ಬಾಟ್‌ನ ಒಂದೊಂದು ಕಾಲೂ ಇಂಗ್ಲಿಷಿನ ಸಿ ಅಕ್ಷರದ ತರ ಬಾಗಿದೆ, ಒಂದು ಕಡೆ ಮೋಟಾರಿಗೆ ಸೇರಿದೆ, ಇಡೀ ಕಾಲು ಸುತ್ತ ತಿರುಗತ್ತೆ. ಮೂರು ಕಾಲು ನೆಲದಲ್ಲಿದ್ದಾಗ ಇನ್ನು ಮೂರು ಗಾಳೀಲಿ, ಆಮೇಲೆ ಅದಲುಬದಲು. ಕಾಲು ಮರಳಿಗಿಳಿದಾಗ ಶುರುವಿನಲ್ಲಿ ಮರಳು ಸೋಲತ್ತೆ, ಕಾಲು ಒಳಗೆ ಹೋಗ್ತಾ ಇರತ್ತೆ, ದೇಹ ಹೊಟ್ಟೆ ಊರಿ ಹಾಗೇ ಕೂತಿರತ್ತೆ. ಮರಳಲ್ಲಿ ಆಳಕ್ಕೆ ಹೋದಷ್ಟೂ ಪ್ರತಿರೋಧ ಜಾಸ್ತಿ, ಯಾಕಂದ್ರೆ ಮೇಲಿರೋ ಕಾಳಿನ ಭಾರ ಜಾಸ್ತಿ. ಒಂದು ಆಳದಲ್ಲಿ ಮರಳು ಕೊಡೋ ಎದುರೊತ್ತಡ ರೋಬೋಟಿನ ತೂಕವನ್ನ ಹೊರೋವಷ್ಟಾಗತ್ತೆ. ಆ ಕ್ಷಣಕ್ಕೆ ಕಾಲಡಿಯ ಮರಳು ಗಟ್ಟಿಯಾಗಿ ನಿಲ್ಲತ್ತೆ, ಕಾಲು ಇನ್ನು ಇಳಿಯಲ್ಲ, ಮೋಟಾರ್ ಇನ್ನೂ ತಿರುಗ್ತಾ ಇರೋದ್ರಿಂದ ಈಗ ಏಳೋದು ದೇಹ. ದೇಹ ಎದ್ದು, ನಿಂತ ಕಾಲಿನ ಸುತ್ತ ತಿರುಗಿ, ಮುಂದಕ್ಕೆ ಹೋಗಿ ಕೂರತ್ತೆ. ಒಂದು ಹೆಜ್ಜೆ ಅಂದ್ರೆ ಇದು. ಗಮನಿಸಬೇಕಾದ್ದು ಏನಂದ್ರೆ ಮುಂದೆ ಹೋಗೋ ಕೆಲಸ ಪೂರ್ತಿ ನಡೆಯೋದು ಮರಳು ಗಟ್ಟಿಯಾಗಿರೋ ಆ ಚಿಕ್ಕ ಅವಧೀಲಿ, ಇಳಿಯೋಕೆ ಹೋದ ಸಮಯ ಎಲ್ಲ ನಷ್ಟ.

ಈಗ ಮೋಟಾರ್ ವೇಗ ಹೆಚ್ಚಿಸಿ ನೋಡಿ. ದೇಹ ಏಳುವಾಗ ಜೋರಾಗಿ ಏಳಬೇಕು, ಜೋರಾಗಿ ಎಬ್ಬಿಸಬೇಕಂದ್ರೆ ಬರೀ ತೂಕ ಹೊತ್ರೆ ಸಾಲದು, ಅದರ ಮೇಲೆ ವೇಗೋತ್ಕರ್ಷಕ್ಕೆ ಬೇಕಾದ ಬಲನೂ ಮರಳಿಂದಲೇ ಬರಬೇಕು. ಹೆಚ್ಚು ಬಲ ಬೇಕಂದ್ರೆ ಕಾಲು ಹೆಚ್ಚು ಆಳ ಹೋಗಬೇಕು. ಹೆಚ್ಚು ಆಳ ಹೋದ್ರೆ ಉಳಿದ ತಿರುಗುವಿಕೆ ಕಡಿಮೆ, ಹೆಜ್ಜೆ ಚಿಕ್ಕದು. ಇಲ್ಲಿವರೆಗೂ ಪರವಾಗಿಲ್ಲ, ಹೆಜ್ಜೆ ಚಿಕ್ಕದಾದ್ರೂ ನಿಮಿಷಕ್ಕೆ ಬೀಳೋ ಹೆಜ್ಜೆ ಜಾಸ್ತಿ ಆಗಿರೋದ್ರಿಂದ ಒಟ್ಟು ವೇಗ ಏರ್ತಾನೇ ಇರತ್ತೆ. ಹೆಜ್ಜೆ ಒಂದು ಅಳತೆಗಿಂತ ಚಿಕ್ಕದಾದಾಗ ಮಾತ್ರ ಕಥೆ ಬದಲಾಗೋದು, ಯಾಕಂದ್ರೆ ಮುಂದಿನ ಸಲ ಕಾಲು ಬೀಳೋದು ಹೊಸ ಮರಳಿನ ಮೇಲಲ್ಲ, ಹಿಂದಿನ ಹೆಜ್ಜೆ ತೋಡಿ ಸಡಿಲ ಮಾಡಿಟ್ಟ ಗುಂಡಿಗೆ. ಅಲ್ಲಿ ಮರಳು ದುರ್ಬಲ, ಇನ್ನೂ ಆಳ ಇಳಿಯತ್ತೆ, ಹೆಜ್ಜೆ ಇನ್ನೂ ಚಿಕ್ಕದಾಗತ್ತೆ, ಅದರ ಮುಂದಿನದು ಇನ್ನೂ ಕೆಟ್ಟ ಗುಂಡಿಗೆ. ನಾಲ್ಕೈದು ಹೆಜ್ಜೆ ಒಳಗೆ ಮರಳು ಗಟ್ಟಿಯಾಗೋ ಕ್ಷಣವೇ ಮಾಯ ಆಗಿ, ಕಾಲುಗಳು ಹರಿಯೋ ಕಾಳಿನೊಳಗೆ ದೋಣಿಯ ಹುಟ್ಟಿನ ತರ ಆಡ್ತಾ ಇರ್ತವೆ, ಅದನ್ನ ಅವರು ಈಜೋದು ಅಂತಲೇ ಕರೆದ್ರು. ಸೆಕೆಂಡಿಗೆ 1 ಸೆಂಟಿಮೀಟರ್ ಬಂದಿದ್ದು ಹೀಗೆ. ವೇಗ ಮೆಲ್ಲಗೆ ಇಳಿಯಲ್ಲ, ಏರ್ತಾ ಏರ್ತಾ ಒಂದು ಕಡೆ ಧಡ್ ಅಂತ ಬೀಳತ್ತೆ. ಮರಳು ಸ್ವಲ್ಪ ಸಡಿಲ ಆಗಿದ್ರೂ ಅಷ್ಟೇ, 0.62ರಲ್ಲಿ ಚೆನ್ನಾಗಿ ಓಡ್ತಿದ್ದ ರೋಬೋಟ್ 0.59ರಲ್ಲಿ ಸಿಕ್ಕಿಬಿದ್ದುಬಿಡಬಹುದು, ಎರಡಕ್ಕೂ ಕಣ್ಣಿಗೆ ಕಾಣೋ ವ್ಯತ್ಯಾಸ ಏನೂ ಇಲ್ಲ.

ಪ್ರಾಣಿಗಳಲ್ಲಿ ಇದನ್ನ ಚೆನ್ನಾಗಿ ಮಾಡೋರು ಯಾರು ಅಂತ ಅದೇ ಲ್ಯಾಬಿನವರು ಹುಡುಕಿಕೊಂಡು ಹೋದ್ರು. ಜಾರ್ಜಿಯಾ ರಾಜ್ಯದ ಜೆಕಿಲ್ ದ್ವೀಪದ ಬೀಚಲ್ಲಿ ಲಾಗರ್‌ಹೆಡ್ ಕಡಲಾಮೆ ಮರಿಗಳನ್ನ ಅಳೆದ್ರು. ಮೊಟ್ಟೆಯಿಂದ ಹೊರಬಂದ ಮರಿ ಗೂಡಿಂದ ಸಮುದ್ರದವರೆಗೂ ಮರಳ ಮೇಲೇ ಓಡಬೇಕು, ತಡವಾದ್ರೆ ಯಾರದ್ದೋ ಬಾಯಿಗೆ. ಅದರ ರೆಕ್ಕೆಗಾಲು ಈಜೋಕೆ ಮಾಡಿರೋದು, ಆದ್ರೂ ಮರಳಲ್ಲಿ ಚುರುಕಾಗಿ ಓಡತ್ತೆ. ಹೇಗಂದ್ರೆ, ರೆಕ್ಕೆಗಾಲನ್ನ ಮರಳಿಗೆ ಚುಚ್ಚಿ, ಮಣಿಕಟ್ಟಿನ ಹತ್ತಿರ ಅದನ್ನ ಬಗ್ಗೋಕೆ ಬಿಟ್ಟು ದೇಹವನ್ನ ಮುಂದೆ ತಳ್ಳತ್ತೆ, ಹಾಗಾಗಿ ಹಿಂದಿನ ಮರಳು ಹರಿಯದೆ ಗಟ್ಟಿಯಾಗೇ ಉಳಿಯತ್ತೆ. ಇದನ್ನ ನೋಡಿ ಮಾಡಿದ ಫ್ಲಿಪ್ಪರ್‌ಬಾಟ್ ಅನ್ನೋ ರೋಬೋಟ್ ಬಗ್ಗೆ 2013ರಲ್ಲಿ ಪ್ರಕಟಿಸಿದ್ರು. ಮಣಿಕಟ್ಟು ಬಿಗಿ ಮಾಡಿದಾಗ ರೆಕ್ಕೆ ಮರಳನ್ನ ಕೆದಕಿ ಎಳೆದು ಹಾಕ್ತಿತ್ತು, ಸಡಿಲ ಬಿಟ್ಟಾಗ ಕೆದಕೋದು ಕಡಿಮೆ, ಹೆಜ್ಜೆ ಉದ್ದ. ಇಲ್ಲೂ ರೋಬೋಟ್ ಸೋತಿದ್ದು ಮುಖ್ಯವಾಗಿ ತಾನೇ ಕೆದಕಿದ ಮರಳಿಗೆ ಮತ್ತೆ ಕಾಲು ಹಾಕಿದಾಗಲೇ.

ಸರಿ, ಇದೆಲ್ಲ ಒಂದೊಂದು ರೋಬೋಟಿಗೆ ಒಂದೊಂದು ಪ್ರಯೋಗ ಆಯ್ತು. ಹೊಸ ಕಾಲು ಡಿಸೈನ್ ಮಾಡೋ ಇಂಜಿನಿಯರಿಗೆ ಲೆಕ್ಕ ಬೇಕಲ್ಲ? ವಿಮಾನ ಮಾಡೋರಿಗೆ ಗಾಳಿಯ ಸಮೀಕರಣ ಇದೆ, ಹಡಗು ಮಾಡೋರಿಗೆ ನೀರಿನದು ಇದೆ. ಮರಳಿಗೆ ಆ ತರ ಒಪ್ಪಿಕೊಂಡ ಒಂದೇ ಸಮೀಕರಣ ಇಲ್ಲ. ಗಾಡಿಗಳ ಲೆಕ್ಕ ಇತ್ತು, ಪೋಲೆಂಡ್ ಮೂಲದ ಮೀಚಿಸ್ವಾಫ್ ಬೆಕ್ಕರ್ ಅನ್ನೋರು 1950ರ ದಶಕದಲ್ಲಿ ಚಕ್ರಗಳು, ಟ್ಯಾಂಕಿನಂಥ ಗಾಡಿಗಳ ಟ್ರ್ಯಾಕುಗಳು ಮಣ್ಣಲ್ಲಿ ಎಷ್ಟು ಹೂತುಕೊಳ್ತವೆ ಅನ್ನೋದಕ್ಕೆ ಸೂತ್ರ ಕಟ್ಟಿದ್ರು, ಆಮೇಲೆ ಅಪೊಲೊ ಗಗನಯಾತ್ರಿಗಳ ಚಂದ್ರನ ಗಾಡಿಗೂ ಅವರ ಕೆಲಸ ಬಳಕೆಯಾಯ್ತು. ಆದ್ರೆ ಆ ಸೂತ್ರಗಳಿಗೆ ದೊಡ್ಡ, ಹೆಚ್ಚುಕಮ್ಮಿ ಚಪ್ಪಟೆಯಾಗಿ ನೆಲ ಮುಟ್ಟೋ ಮೇಲ್ಮೈ ಬೇಕು. ಬಾಗಿದ, ಓರೆಯಾಗಿ ಇಳಿಯೋ, ಒಳಗೆ ತಿರುಗಿ ಮೇಲೇಳೋ ಪುಟ್ಟ ಕಾಲಿಗೆ ಅದು ಹೊಂದಲ್ಲ.

ಚೆನ್ ಲೀ, ಟಿಂಗ್‌ನಾನ್ ಜಾಂಗ್, ಗೋಲ್ಡ್‌ಮನ್ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದಕ್ಕೊಂದು ದಾರಿ ತೋರಿಸಿದ್ರು, ಅದಕ್ಕೆ ಟೆರ್ರಾಡೈನಮಿಕ್ಸ್ ಅಂತ ಹೆಸರಿಟ್ರು. ಉಪಾಯ ಸರಳ. ಒಂದು ಚಿಕ್ಕ ತಗಡನ್ನ ಮರಳೊಳಗೆ ಬೇರೆ ಬೇರೆ ಓರೆಯಲ್ಲಿ ಹಿಡಿದು, ಬೇರೆ ಬೇರೆ ದಿಕ್ಕಿಗೆ ನಿಧಾನಕ್ಕೆ ಎಳೆದು, ಪ್ರತಿ ಸಲ ಎಷ್ಟು ಬಲ ಬೇಕಾಯ್ತು ಅಂತ ಅಳೆದು ಒಂದು ಪಟ್ಟಿ ಮಾಡೋದು. ಆಮೇಲೆ ಯಾವುದೇ ಆಕಾರದ ಕಾಲು ಬರಲಿ, ಅದನ್ನ ಮನಸ್ಸಲ್ಲೇ ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದು ತುಂಡು ಯಾವ ಓರೆಯಲ್ಲಿ ಯಾವ ದಿಕ್ಕಿಗೆ ಯಾವ ಆಳದಲ್ಲಿ ಹೋಗ್ತಿದೆ ಅಂತ ನೋಡಿ, ಪಟ್ಟಿಯಿಂದ ಬಲ ತೆಗೆದು, ಎಲ್ಲ ಕೂಡಿಸೋದು. ಕಾಳಿನ ರಾಶಿಯಂಥ ಜಟಿಲ ವಸ್ತುವಿಗೆ ಬರೀ ಕೂಡಿಸೋ ಲೆಕ್ಕ ಸಾಕಾಗತ್ತೆ ಅಂತ ಮೊದಲೇ ಹೇಳೋಕೆ ಯಾವ ಕಾರಣಾನೂ ಇರಲಿಲ್ಲ, ಆದ್ರೂ ಉತ್ತರ ಸರಿ ಬಂತು. ಅದಕ್ಕಿಂತ ಉಪಯೋಗದ ವಿಷಯ, ಗಸಗಸೆಗೆ ಮಾಡಿದ ಪಟ್ಟಿ ಗಾಜಿನ ಮಣಿಗೂ, ನಿಜವಾದ ಮರಳಿಗೂ ಒಂದೇ ಒಂದು ಗುಣಕ ಬದಲಾಯಿಸಿದ್ರೆ ಸರಿಹೊಂದ್ತು. ಅಂದ್ರೆ ಹೊಸ ಜಾಗಕ್ಕೆ ಹೋದಾಗ ಆ ಜಾಗದ ಮರಳಲ್ಲಿ ಒಂದು ಸಲ ತಗಡು ಚುಚ್ಚಿ ನೋಡಿದ್ರೆ ಸಾಕು, ಉಳಿದದ್ದು ಲೆಕ್ಕದಿಂದ ಬರತ್ತೆ. ಕೇವಲ 150 ಗ್ರಾಂ ತೂಕದ ಒಂದು ರೋಬೋಟಿಗೆ ಬೇರೆ ಬೇರೆ ಬಾಗಿನ ಕಾಲು ಹಾಕಿ ಇದನ್ನ ಪರೀಕ್ಷಿಸಿದ್ರು, ಸಿ ಆಕಾರದ ಕಾಲು ಮಾಮೂಲಿ ದಿಕ್ಕಲ್ಲಿದ್ದಾಗ ಎಲ್ಲಕ್ಕಿಂತ ಚೆನ್ನಾಗಿ ಓಡ್ತು, ಅದೇ ಕಾಲನ್ನ ತಿರುಗಿಸಿ ಹಾಕಿದ್ರೆ ನಿಧಾನ ಆಯ್ತು, ಲೆಕ್ಕನೂ ಅದನ್ನೇ ಹೇಳಿತ್ತು.

ಈ ಲೆಕ್ಕಕ್ಕೆ ಒಂದು ಷರತ್ತಿದೆ. ಕಾಲು ನಿಧಾನವಾಗಿ ಹೋಗ್ತಿರಬೇಕು. ನಿಧಾನದಲ್ಲಿ ಮರಳಿನ ಪ್ರತಿರೋಧ ವೇಗದ ಮೇಲೆ ನಿಂತಿಲ್ಲ, ಘರ್ಷಣೆ ಮತ್ತು ಆಳದ ಮೇಲೆ ಮಾತ್ರ. ಜೋರಾಗಿ ಬಡಿದ್ರೆ ಇನ್ನೊಂದು ಬಲ ಸೇರಿಕೊಳ್ಳತ್ತೆ. ಪಾದ ಬಡಿದ ತಕ್ಷಣ ಅದರ ಅಡಿಯಲ್ಲಿ ಒಂದಷ್ಟು ಮರಳು ಕೋನ್ ಆಕಾರದಲ್ಲಿ ಗಟ್ಟಿಯಾಗಿ ಪಾದಕ್ಕೆ ಅಂಟಿಕೊಂಡ ಹಾಗೆ ಜೊತೆಗೇ ಕೆಳಗೆ ಚಲಿಸತ್ತೆ. ಅಷ್ಟು ಮರಳನ್ನ ಇದ್ದಕ್ಕಿದ್ದಂತೆ ಓಡಿಸಬೇಕಾದ್ರೆ ಬಲ ಬೇಕು, ಆ ಬಲ ಪಾದಕ್ಕೆ ಎದುರಾಗಿ ಬರತ್ತೆ, ಅದೂ ಆಸರೆನೇ. ಜೆಫ್ರಿ ಅಗಿಲಾರ್ ಮತ್ತು ಗೋಲ್ಡ್‌ಮನ್ 2016ರಲ್ಲಿ ಮರಳ ಮೇಲೆ ಜಿಗಿಯೋ ರೋಬೋಟಿಂದ ಇದನ್ನ ತೋರಿಸಿದ್ರು.

ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯವರು ಈ ಹೆಚ್ಚುವರಿ ಮರಳಿನ ಲೆಕ್ಕವನ್ನ ಸಿಮ್ಯುಲೇಶನ್ ಒಳಗೆ ಹಾಕಿದ್ರು. ಅಲ್ಲಿನ ಜೆಮಿನ್ ಹ್ವಾಂಗ್‌ಬೊ ಅವರ ತಂಡದ ರಾಯ್‌ಬೊ ಅನ್ನೋ ನಾಲ್ಕು ಕಾಲಿನ ರೋಬೋಟ್ ಕಂಪ್ಯೂಟರ್ ಒಳಗಿನ ಮರಳಲ್ಲೇ ನಡೆಯೋದು ಕಲೀತು, ಪ್ರತಿ ಸಲ ಮರಳಿನ ಗುಣ ಬದಲಾಯಿಸಿ ಬದಲಾಯಿಸಿ, ಒಮ್ಮೆ ಗಟ್ಟಿ, ಒಮ್ಮೆ ಸಡಿಲ. ರೋಬೋಟಿಗೆ ಈಗ ಯಾವ ನೆಲ ಅಂತ ಯಾರೂ ಹೇಳಲ್ಲ. ಕೀಲುಗಳು ಸ್ವಲ್ಪ ಹೊತ್ತಿಂದ ಹೇಗೆ ಅಲುಗಾಡಿವೆ ಅನ್ನೋದರಿಂದಲೇ ಅದು ಊಹಿಸಬೇಕು. ಆಮೇಲೆ ನಿಜವಾದ ಸಮುದ್ರತೀರಕ್ಕೆ ಬಿಟ್ಟಾಗ, ಪಾದ ಪೂರ್ತಿ ಮರಳಲ್ಲಿ ಹೂತುಹೋಗ್ತಿದ್ರೂ, ಸೆಕೆಂಡಿಗೆ 3.03 ಮೀಟರ್ ವೇಗದಲ್ಲಿ ಓಡ್ತು, 2023ರ ಜನವರಿಯಲ್ಲಿ ಸೈನ್ಸ್ ರೊಬೋಟಿಕ್ಸ್‌ನಲ್ಲಿ ಇದು ಬಂತು. ಗಂಟೆಗೆ ಸುಮಾರು 11 ಕಿಲೋಮೀಟರ್ ಆಯ್ತು, ಮನುಷ್ಯರು ಬೀಚಲ್ಲಿ ಜಾಗಿಂಗ್ ಮಾಡೋದಕ್ಕಿಂತ ಕಡಿಮೆ ಏನಲ್ಲ.

ಹಾಗಾದ್ರೆ ಸ್ಯಾಂಡ್‌ಬಾಟ್ ಪಾಠ ಸುಳ್ಳಾಯ್ತಾ, ಜೋರಾಗಿ ಹೋದ್ರೂ ಆಗತ್ತಲ್ಲ ಅಂತ ಕೇಳಬಹುದು. ನನ್ನ ಪ್ರಕಾರ ಎರಡೂ ಒಂದನ್ನೇ ಹೇಳ್ತಿವೆ. ಸ್ಯಾಂಡ್‌ಬಾಟ್ ಸಿಕ್ಕಿಬಿದ್ದಿದ್ದು ಹೆಜ್ಜೆ ಚಿಕ್ಕದಾಗಿ ತನ್ನದೇ ಗುಂಡಿಗೆ ಕಾಲು ಹಾಕಿದ್ರಿಂದ. ಓಡೋ ರಾಯ್‌ಬೊ ಹೆಜ್ಜೆ ಉದ್ದ, ಒಂದು ಹೆಜ್ಜೆ ಕೆಡಿಸಿದ ಮರಳು ಹಿಂದೆ ಉಳಿಯತ್ತೆ, ಜೊತೆಗೆ ಪಾದ ಬಡಿಯೋ ವೇಗದಿಂದಲೇ ಸ್ವಲ್ಪ ಆಸರೆ ಸಿಗತ್ತೆ. ನಿಧಾನ ಒಳ್ಳೇದು, ವೇಗ ಕೆಟ್ಟದ್ದು ಅಂತ ಒಂದೇ ನಿಯಮ ಇಲ್ಲ, ಮರಳು ಗಟ್ಟಿಯಾಗಿರೋ ಕ್ಷಣವನ್ನ ಹಿಡಿದು ಆ ಕ್ಷಣದಲ್ಲಿ ತಳ್ಳಬೇಕು, ಅಷ್ಟೇ. ಯಾವ ವೇಗದಲ್ಲಿ ಆ ಕ್ಷಣ ಸಿಗತ್ತೆ ಅನ್ನೋದು ಕಾಲಿನ ಆಕಾರ, ತೂಕ, ಹೆಜ್ಜೆಯ ಉದ್ದ ಎಲ್ಲದರ ಮೇಲಿದೆ.

ಏನೇ ಮಾಡಿದ್ರೂ ಮರಳು ಶಕ್ತಿ ತಿನ್ನತ್ತೆ. ಮನುಷ್ಯರ ಮೇಲೇ 1998ರಲ್ಲಿ ಅಳೆದಿದ್ದಾರೆ, ಮರಳಲ್ಲಿ ನಡೆಯೋಕೆ ಗಟ್ಟಿ ನೆಲಕ್ಕಿಂತ 2.1ರಿಂದ 2.7 ಪಟ್ಟು ಶಕ್ತಿ ಬೇಕು, ಓಡೋಕೆ 1.6 ಪಟ್ಟು. ಕಾಳುಗಳನ್ನ ತಳ್ಳಿದ ಶಕ್ತಿ ಘರ್ಷಣೆಯಲ್ಲಿ ಬಿಸಿಯಾಗಿ ಹೋಗತ್ತೆ, ಸ್ಪ್ರಿಂಗ್ ತರ ವಾಪಸ್ ಬರಲ್ಲ. ಬ್ಯಾಟರಿ ಮೇಲೆ ನಡೆಯೋ ರೋಬೋಟಿಗೆ ಇದು ಸಣ್ಣ ವಿಷಯ ಅಲ್ಲ. ಹಾಗಂತ ಪಾದ ದೊಡ್ಡದು ಮಾಡಿಬಿಟ್ರೆ ಹೂತುಕೊಳ್ಳೋದೇನೋ ಕಡಿಮೆ ಆಗತ್ತೆ, ಆದ್ರೆ ಕಾಲ ತುದಿಯಲ್ಲಿ ಭಾರ ಇದ್ರೆ ಕಾಲು ಬೀಸೋಕೆ ಶಕ್ತಿ ಜಾಸ್ತಿ, ಕಲ್ಲಿನ ಜಾಗದಲ್ಲಿ ಎಡವೋದೂ ಜಾಸ್ತಿ.

ಇನ್ನು ಕೆಸರು. ಇದು ಮರಳಿಗಿಂತ ಕಷ್ಟದ್ದು, ಯಾಕಂದ್ರೆ ಮರಳಲ್ಲಿ ಕಾಲಿಡೋದು ಮಾತ್ರ ಸಮಸ್ಯೆ, ಕೆಸರಲ್ಲಿ ಕಾಲೆತ್ತೋದೂ ಸಮಸ್ಯೆ. ನೀರು ಸ್ವಲ್ಪವೇ ಇದ್ರೆ ಒಳ್ಳೇದೇ, ಕಾಳು ಕಾಳಿನ ಮಧ್ಯೆ ನೀರಿನ ಸಣ್ಣ ಸೇತುವೆಗಳಾಗಿ ಹಿಡಿದಿಡ್ತವೆ, ಸಮುದ್ರತೀರದಲ್ಲಿ ಅಲೆ ಈಗಷ್ಟೇ ಬಿಟ್ಟುಹೋದ ಪಟ್ಟಿ ನಡೆಯೋಕೆ ಗಟ್ಟಿಯಾಗಿರೋದು ಅದಕ್ಕೇ. ನೀರು ಪೂರ್ತಿ ತುಂಬಿ, ಜೇಡಿಯಂಥ ನುಣ್ಣನೆ ಕಣಗಳೂ ಇದ್ರೆ ಕೆಸರಾಗತ್ತೆ. ಒಣ ಮರಳಿಂದ ಕಾಲೆತ್ತಿದಾಗ ಅಡಿಯ ಖಾಲಿ ಜಾಗಕ್ಕೆ ಕಾಳುಗಳ ಸಂದಿಯಿಂದ ಗಾಳಿ ಸಲೀಸಾಗಿ ಬಂದುಬಿಡತ್ತೆ. ಕೆಸರಲ್ಲಿ ಗಾಳಿ ಬರೋಕೆ ದಾರಿ ಇಲ್ಲ, ನೀರೂ ಆ ನುಣುಪು ಸಂದಿಗಳಲ್ಲಿ ಬೇಗ ಹರಿಯಲ್ಲ, ಪಾದದಡಿ ಒತ್ತಡ ಇಳಿದುಹೋಗತ್ತೆ, ಮೇಲಿನ ವಾತಾವರಣದ ಒತ್ತಡ ಪಾದವನ್ನ ಕೆಳಗೇ ಒತ್ತಿ ಹಿಡಿಯತ್ತೆ. ನಾಟಿ ಗದ್ದೆಗೆ ಇಳಿದವರಿಗೆಲ್ಲ ಈ ಎಳೆತ ಗೊತ್ತು. ಎಷ್ಟು ಜೋರಾಗಿ ಎಳೆದ್ರೆ ಅಷ್ಟು ಬಿಗಿ. ಹಿಮ್ಮಡಿ ಎತ್ತಿ ಒಂದು ಅಂಚಿಂದ ಗಾಳಿ ಒಳಬಿಟ್ರೆ ಮಾತ್ರ ಸುಲಭವಾಗಿ ಬರತ್ತೆ.

ರೋಬೋಟಿಗೆ ಇದರಿಂದ ಏನಾಗತ್ತೆ ಅಂತ ಒಂದು ಲೆಕ್ಕ ಹಾಕಿ ನೋಡಿ. 30 ಕೆಜಿಯ ನಾಲ್ಕು ಕಾಲಿನ ರೋಬೋಟ್ ಅಂದ್ಕೊಳ್ಳಿ, ಒಂದು ಕಾಲು ಕೀಳೋಕೆ 10 ಕೆಜಿಯಷ್ಟು ಬಲ ಬೇಕಾಯ್ತು. ಮೇಲಕ್ಕೆ ಎಳೆದಷ್ಟೇ ಬಲ ಉಳಿದ ಮೂರು ಕಾಲಿನ ಮೇಲೆ ಕೆಳಮುಖವಾಗಿ ಬೀಳತ್ತೆ, ಅಂದ್ರೆ ಆ ಮೂರು ಕಾಲು ಈಗ 40 ಕೆಜಿ ಹೊರಬೇಕು, ಹಾಗಾಗಿ ಅವು ಇನ್ನೂ ಆಳ ಹೂತುಕೊಳ್ತವೆ, ಮುಂದಿನ ಸಲ ಅವನ್ನ ಕೀಳೋಕೆ ಇನ್ನೂ ಹೆಚ್ಚು ಬಲ ಬೇಕು. ಮರಳಲ್ಲಿ ಆದಂಥದ್ದೇ ಸುಳಿ, ಕಾರಣ ಬೇರೆ. ಸಾಲದ್ದಕ್ಕೆ ಜೇಡಿಮಣ್ಣಿನ ಕೆಸರನ್ನ ತುಳಿದು ಕಲಸಿದಷ್ಟೂ ಅದರ ಬಿಗಿ ಕಡಿಮೆ ಆಗ್ತಾ ಹೋಗತ್ತೆ, ಒಂದೇ ಜಾಗ ಎರಡನೇ ಸಲ ತುಳಿಯೋದು ಇಲ್ಲೂ ನಷ್ಟವೇ.

ಎಸ್ಟೋನಿಯಾದ ಟಾಲಿನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಾರ್ಯಾ ಕ್ರೂಸ್ಮಾ ಅವರ ತಂಡ ಇದಕ್ಕೆ ಮೂಸ್ ಅನ್ನೋ ದೈತ್ಯ ಜಿಂಕೆಯ ಗೊರಸು ನೋಡ್ತು, ಆ ದೇಶದಲ್ಲಿ ಜೌಗು ನೆಲ ಬಹಳ, ಮೂಸ್ ಅದರಲ್ಲೇ ಓಡಾಡೋ ಪ್ರಾಣಿ. ಗೊರಸು ಎರಡು ಸೀಳು. ಊರಿದಾಗ ಸೀಳು ಅಗಲ ಆಗಿ ಮೆಟ್ಟೋ ಜಾಗ ಜಾಸ್ತಿ ಆಗತ್ತೆ, ಎತ್ತುವಾಗ ಎರಡೂ ಹತ್ತಿರ ಬಂದು ತೆಳ್ಳಗಾಗತ್ತೆ, ಸೀಳಿನ ಮಧ್ಯೆ ಗಾಳಿ ನುಸುಳಿ ಹಿಡಿತ ಬಿಡತ್ತೆ. ಇಂಥ ಪಾದವನ್ನ ರೋಬೋಟಿಗೆ ಹಾಕಿ ನೋಡಿದಾಗ ಹೂತುಕೊಳ್ಳೋ ಆಳನೂ, ಹಿಡಿದೆಳೆಯೋ ಬಲನೂ ಹತ್ತಿರಹತ್ತಿರ ಅರ್ಧಕ್ಕಿಳೀತು ಅಂತ 2024ರಲ್ಲಿ ವರದಿ ಮಾಡಿದ್ರು. ಯಾವ ಮೋಟಾರೂ ಇಲ್ಲ, ಸೆನ್ಸರೂ ಇಲ್ಲ, ಬರೀ ಪಾದದ ಆಕಾರ. ನಮ್ಮ ಎತ್ತು, ಎಮ್ಮೆ, ಕೋಣಗಳದ್ದೂ ಸೀಳು ಗೊರಸೇ.

ಗದ್ದೆ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಇದು ರೋಬೋಟ್ ಮಾಡೋರಿಗೆ ನೇರ ಸಂಬಂಧಪಟ್ಟದ್ದು. ವರ್ಷವರ್ಷ ಉಳುಮೆ ಮಾಡಿದ ಗದ್ದೆಯ ಕೆಸರಿನ ಕೆಳಗೆ ಒಂದು ಗಟ್ಟಿ ಪದರ ಇರತ್ತೆ. ಕೋಣದ ಕಾಲು, ಟಿಲ್ಲರಿನ ಕೇಜ್ ವೀಲ್ ಕೆಸರನ್ನ ಸೀಳ್ಕೊಂಡು ಹೋಗಿ ಆ ಪದರದ ಆಸರೆ ಪಡೀತವೆ. ಅಲ್ಲಿ ತೆಳು ಕಾಲು, ಕಂಬಿ ಚಕ್ರವೇ ಸರಿ, ಅಗಲ ಪಾದ ಮಧ್ಯದಲ್ಲೇ ತೊಳಲಾಡತ್ತೆ. ತಳ ಸಿಗದ ಜೌಗಿನಲ್ಲಿ ಉಲ್ಟಾ, ಅಗಲ ಪಾದವೇ ಬೇಕು. ಒಂದೇ ಹೆಸರಿನ ಕೆಸರು, ಎರಡು ವಿರುದ್ಧ ಉತ್ತರ, ಯಾವುದು ಸರಿ ಅನ್ನೋದು ಮೇಲಿಂದ ನೋಡಿದ್ರೆ ಗೊತ್ತಾಗಲ್ಲ.

ಭೂಮಿ ಬಿಟ್ಟು ಹೊರಗೆ ಹೋದ್ರೆ ತಪ್ಪಿಗೆ ಬೆಲೆ ತುಂಬಾ ದೊಡ್ಡದು. ನಾಸಾದ ಸ್ಪಿರಿಟ್ ರೋವರ್ ಮಂಗಳದಲ್ಲಿ 2009ರ ಮೇನಲ್ಲಿ ಟ್ರಾಯ್ ಅಂತ ಹೆಸರಿಟ್ಟ ಜಾಗದಲ್ಲಿ ಸಿಕ್ಕಿಬಿತ್ತು. ಮೇಲೆ ತೆಳ್ಳನೆ ಗಟ್ಟಿ ಪದರ, ಕೆಳಗೆ ಸಡಿಲ ಮಣ್ಣು, ಚಕ್ರ ಪದರ ಒಡೆದು ಒಳಗೆ ಹೋಯ್ತು. ಭೂಮಿಯ ಮೇಲೆ ಅಂಥದ್ದೇ ಮಣ್ಣು ಕಲಸಿ, ಅಂಥದ್ದೇ ರೋವರ್ ನಿಲ್ಲಿಸಿ ತಿಂಗಳುಗಟ್ಟಲೆ ಬಿಡಿಸೋ ದಾರಿ ಹುಡುಕಿದ್ರು, ಆಗಲಿಲ್ಲ, 2010ರ ಜನವರಿಯಲ್ಲಿ ಅದನ್ನ ನಿಂತಲ್ಲೇ ಕೆಲಸ ಮಾಡೋ ಕೇಂದ್ರ ಅಂತ ಘೋಷಿಸಿದ್ರು, ಅದೇ ಮಾರ್ಚ್ 22ಕ್ಕೆ ಕೊನೇ ಸಂದೇಶ ಬಂತು. ಚಂದ್ರನಲ್ಲೋ ಮಂಗಳದಲ್ಲೋ ತೂಕ ಕಡಿಮೆ, ಹೂತುಕೊಳ್ಳಲ್ಲ ಅನ್ನೋದು ಹಲವರ ಊಹೆ. ಒಣ ಮರಳಿನ ಬಲ ಬರೋದೇ ಮೇಲಿನ ಕಾಳಿನ ಭಾರದಿಂದ ಅಂತ ಆಗಲೇ ನೋಡಿದ್ವಿ, ಗುರುತ್ವ ಕಡಿಮೆ ಆದ್ರೆ ಆ ಭಾರನೂ ಅಷ್ಟೇ ಪಾಲು ಕಡಿಮೆ ಆಗತ್ತೆ, ಲಾಭ ನಾವಂದ್ಕೊಂಡಷ್ಟು ಸಿಗಲ್ಲ. 2023ರಲ್ಲಿ ಚಂದ್ರನ ಮೇಲೆ ಸುಮಾರು 100 ಮೀಟರ್ ಓಡಿದ ನಮ್ಮ ಇಸ್ರೋದ ಪ್ರಗ್ಯಾನ್ 26 ಕೆಜಿಯ ಆರು ಚಕ್ರದ ರೋವರ್, ಅದು ಇಳಿದಿದ್ದು ಹೆಚ್ಚುಕಮ್ಮಿ ಸಮತಟ್ಟು ಜಾಗದಲ್ಲಿ. ವಿಜ್ಞಾನಿಗಳಿಗೆ ನಿಜವಾಗಿ ಹೋಗಬೇಕಿರೋದು ಕುಳಿಗಳ ಗೋಡೆ, ಮರಳ ದಿಬ್ಬದ ಇಳಿಜಾರು, ಆ ತರದ ಕಡೆ.

ಇಳಿಜಾರಲ್ಲಿ ಮರಳು ಮೊದಲೇ ಜಾರೋ ಅಂಚಲ್ಲಿರತ್ತೆ, ಹೆಜ್ಜೆ ಇಟ್ರೆ ಸಾಕು ಕುಸಿಯೋಕೆ. ಸ್ವಿಟ್ಜರ್ಲೆಂಡಿನ ಇಟಿಹೆಚ್ ಜ್ಯೂರಿಕ್‌ನ ಸ್ಪೇಸ್‌ಬಾಕ್ ಅನ್ನೋ ನಾಲ್ಕು ಕಾಲಿನ ರೋಬೋಟ್ ಮಂಗಳದ ಮಣ್ಣಿನಂಥ ಮಣ್ಣಲ್ಲಿ 25 ಡಿಗ್ರಿ ಇಳಿಜಾರು ಹತ್ತಿ ತೋರಿಸಿದೆ. ಜಾರ್ಜಿಯಾ ಟೆಕ್‌ನವರು 2020ರಲ್ಲಿ ಇನ್ನೊಂದು ತರ ಯೋಚನೆ ಮಾಡಿದ್ರು, ಚಕ್ರಗಳನ್ನ ಕಾಲಿನ ಹಾಗೆ ಎತ್ತಿ ಬೀಸಬಲ್ಲ ಒಂದು ಪುಟ್ಟ ರೋವರ್ ಮುಂದಿನ ಮರಳನ್ನ ಕೆದಕಿ ಹಿಂದಕ್ಕೆ ಹರಿಸ್ಕೊಳ್ಳತ್ತೆ, ಹಿಂದಿನ ಚಕ್ರಗಳು ಆ ರಾಶಿಯಲ್ಲೇ ಹುಟ್ಟು ಹಾಕಿ ತಳ್ತವೆ, ಹಾಗೇ ದಿಬ್ಬ ಹತ್ತತ್ತೆ. ಕೆಡೋ ನೆಲವನ್ನ ಕೆಡದಂತೆ ಕಾಪಾಡೋ ಬದಲು ತನಗೆ ಬೇಕಾದ ಹಾಗೆ ಕೆಡಿಸ್ಕೊಳ್ಳೋದು. ಇದು ನನಗೆ ತುಂಬಾ ಹಿಡಿಸಿದ ಯೋಚನೆ.

ಇಷ್ಟೆಲ್ಲ ನೋಡಿದ ಮೇಲೆ ಕಾಲಿಗೆ ಚಕ್ರಕ್ಕಿಂತ ಇರೋ ದೊಡ್ಡ ಅನುಕೂಲ ಯಾವುದು ಅಂದ್ರೆ, ಕಲ್ಲು ದಾಟೋದಕ್ಕಿಂತ ಹೆಚ್ಚಾಗಿ, ಕಾಲು ಪ್ರತಿ ಹೆಜ್ಜೆಗೂ ನೆಲವನ್ನ ಪರೀಕ್ಷೆ ಮಾಡಬಲ್ಲದು ಅನ್ನೋದು. ಗೇರ್ ಕಡಿಮೆ ಇರೋ ಮೋಟಾರ್ ಹಾಕಿದ್ರೆ ಪಾದಕ್ಕೆ ಬಿದ್ದ ಬಲ ಮೋಟಾರಿನ ಕರೆಂಟಲ್ಲೇ ಕಾಣತ್ತೆ, ಕೀಲಿನ ಕೋನದಿಂದ ಎಷ್ಟು ಆಳ ಹೋಯ್ತು ಅನ್ನೋದೂ ಗೊತ್ತು. ಎರಡನ್ನೂ ಸೇರಿಸಿದ್ರೆ ಆ ಜಾಗದ ಮಣ್ಣು ಎಷ್ಟು ಬಿಗಿ ಅನ್ನೋದು ಸಿಗತ್ತೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫೇಫೇ ಚಿಯಾನ್ ಅವರ ತಂಡ ನಾಸಾ ಬೆಂಬಲದ ಲ್ಯಾಸಿ ಅನ್ನೋ ಯೋಜನೆಯಲ್ಲಿ ಇದನ್ನೇ ಮಾಡ್ತಿದೆ, ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನ ಜಿಪ್ಸಮ್ ದಿಬ್ಬಗಳಲ್ಲಿ, ಆರೆಗಾನ್‌ನ ಮೌಂಟ್ ಹುಡ್ ಪರ್ವತದಲ್ಲಿ ರೋಬೋಟ್ ನಾಯಿಯನ್ನ ನಡೆಸಿ ಹೆಜ್ಜೆ ಹೆಜ್ಜೆಗೂ ಮಣ್ಣಿನ ಬಲ ಅಳೀತಿದ್ದಾರೆ. ಭೂವಿಜ್ಞಾನಿಗೆ ಅದು ಮಣ್ಣಿನ ನಕ್ಷೆ, ರೋಬೋಟಿಗೆ ಮುಂದಿನ ಹೆಜ್ಜೆ ಹೇಗಿಡಬೇಕು ಅನ್ನೋ ಮಾಹಿತಿ.

ಇನ್ನೂ ಕಷ್ಟವಾಗಿ ಉಳಿದಿರೋದು ಪದರದ ನೆಲ, ಸ್ಪಿರಿಟ್ ಸಿಕ್ಕಿಬಿದ್ದಂಥದ್ದು. ಮೆತ್ತಗೆ ಮುಟ್ಟಿದ್ರೆ ಮೇಲಿನ ಪದರ ಗಟ್ಟಿ ಅನ್ನಿಸತ್ತೆ, ಕೆಳಗಿರೋದು ಗೊತ್ತಾಗಬೇಕಂದ್ರೆ ಅದನ್ನ ಒಡೀಲೇಬೇಕು, ಒಡೆದ್ರೆ ಕಾಲು ಒಳಗೆ. ಚಕ್ರದ ರೋವರಿಗೆ ಇಲ್ಲಿ ಹೆಚ್ಚು ಆಯ್ಕೆ ಇಲ್ಲ, ಮೇಲೆ ಹತ್ತಿ ನೋಡಬೇಕು ಅಷ್ಟೇ. ನಾಲ್ಕು ಕಾಲಿದ್ರೆ ಮೂರನ್ನ ಆಗಲೇ ಪರೀಕ್ಷೆ ಮಾಡಿದ ನೆಲದಲ್ಲಿ ಊರಿ, ದೇಹದ ಭಾರ ಅವುಗಳ ಮೇಲೇ ಇಟ್ಟು, ನಾಲ್ಕನೇ ಕಾಲಲ್ಲಿ ಮುಂದಿನ ಪದರ ಒಡೆಯೋವರೆಗೂ ಒತ್ತಿ ನೋಡಬಹುದು, ಸಡಿಲ ಇದ್ರೆ ಕಾಲು ಹಿಂದಕ್ಕೆ ತಗೊಂಡು ಬೇರೆ ದಾರಿ ಹಿಡೀಬಹುದು.